ಪ್ರೊಪೆಲ್ಲರ್‌ಗೆ ‘ಹುಷಾರು’ ಅಂದ್ರೆ ಕೇಳಿಸುತ್ತಾ?

ಕೊಪ್ಪಳದಿಂದ ಯಲಬುರ್ಗಾ ಕಡೆ ಬಸ್ಸಿನಲ್ಲಿ ಹೋದವರು ನೋಡಿರ್ತೀರಿ. ಹೊಲದಾಚೆ ಗಾಳಿಯಂತ್ರಗಳ ಸಾಲು. ಮೂರು ರೆಕ್ಕೆಗಳು ಸೋಮಾರಿಗಳ ಹಾಗೆ ತಿರುಗ್ತಾ ಇರ್ತವೆ, ಒಂದೊಂದನ್ನೂ ಬೆರಳಿಟ್ಟು ಎಣಿಸಬಹುದು. ರೆಕ್ಕೆಗಳ ವ್ಯಾಸ 80 ಮೀಟರ್, ನಿಮಿಷಕ್ಕೆ 18 ಸುತ್ತು ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ರೆಕ್ಕೆಯ ತುದಿ ಗಂಟೆಗೆ ಸುಮಾರು 270 ಕಿ.ಮೀ. ವೇಗದಲ್ಲಿ ಓಡ್ತಿರುತ್ತೆ.

ಈಗ ಅಂಗೈಯಗಲದ ಒಂದು ಪ್ಲಾಸ್ಟಿಕ್ ಪ್ರೊಪೆಲ್ಲರ್ ತಗೊಳ್ಳಿ. ಐದು ಇಂಚು, ನಾಲ್ಕೈದು ಗ್ರಾಂ ತೂಕ. ಹುಡುಗರು ಆನ್‌ಲೈನ್‌ನಲ್ಲಿ ತರಿಸೋ ಡ್ರೋನ್ ಕಿಟ್‌ನಲ್ಲಿ ಬರುವಂಥದ್ದು. ಮೋಟರ್ ಮೇಲೆ ‘2300 ಕೆವಿ’ ಅಂತ ಬರೆದಿರುತ್ತೆ. ಅದು ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟಿಗೆ 2300 ಸುತ್ತು ಅಂತ ಅರ್ಥ. 11.1 ವೋಲ್ಟಿನ ಬ್ಯಾಟರಿ ಕೊಟ್ಟರೆ ನಿಮಿಷಕ್ಕೆ 25 ಸಾವಿರ ಸುತ್ತು. ಪ್ರೊಪೆಲ್ಲರ್ ಭಾರ ಬಿದ್ದು 20 ಸಾವಿರಕ್ಕೆ ಇಳಿಯಿತು ಅಂದುಕೊಂಡರೂ, ತುದಿಯ ವೇಗ ಗಂಟೆಗೆ ಸುಮಾರು 480 ಕಿ.ಮೀ. ನಮ್ಮ ಮನೆ ಸೀಲಿಂಗ್ ಫ್ಯಾನ್ ತುದಿ 80 ಕಿ.ಮೀ. ದಾಟೋದು ಕಷ್ಟ.

ಗಾಳಿಯಂತ್ರದ ರೆಕ್ಕೆ ನೂರಾರು ಅಡಿ ಮೇಲಿದೆ, ಕಣ್ಣಿಗೆ ಕಾಣುತ್ತೆ. ಈ ಐದಿಂಚಿನದು ಟೇಬಲ್ ಮೇಲಿರುತ್ತೆ, ತಿರುಗೋಕೆ ಶುರುವಾದ ಕ್ಷಣದಿಂದ ಕಾಣೋದೇ ಇಲ್ಲ. ಅದಿದ್ದ ಜಾಗದಲ್ಲಿ ಒಂದು ಮಬ್ಬು ವೃತ್ತ ಇರುತ್ತೆ, ಅಷ್ಟೇ. ಅದರ ಸುತ್ತ ಏಳೆಂಟು ಹುಡುಗ ಹುಡುಗಿಯರು ಬಗ್ಗಿ ನಿಂತಿರ್ತಾರೆ.

ನನ್ನ ತಾಯಿಯ ತವರು ಕಿನ್ನಾಳ. ಕೆಲಸ ಬೆಂಗಳೂರಲ್ಲಿ, ಕೋಡ್ ಬರೆಯೋದು. ‘ನಮ್ಮ ಕಡೆ ಹುಡುಗ ಅದಾನ, ಎಂಜಿನಿಯರ್ ಅದಾನ’ ಅನ್ನೋ ಒಂದೇ ಅರ್ಹತೆಯ ಮೇಲೆ, ಊರಿಗೆ ಹೋದಾಗಲೆಲ್ಲ ಸುತ್ತಮುತ್ತಲ ಶಾಲೆ ಕಾಲೇಜುಗಳ ರೋಬೋಟಿಕ್ಸ್ ಸ್ಪರ್ಧೆಗೆ ನನ್ನನ್ನ ಜಡ್ಜ್ ಆಗಿ ಕರೀತಾರೆ. ಖುಷಿಯಿಂದಲೇ ಹೋಗ್ತೀನಿ. ಹತ್ತು ವರ್ಷದ ಹಿಂದೆ ಗೆರೆ ಹಿಡಿದು ಓಡೋ ಪುಟ್ಟ ಗಾಡಿ ಬಿಟ್ಟರೆ ಬೇರೇನೂ ಇರ್ತಿರಲಿಲ್ಲ. ಈಗ ಕ್ವಾಡ್‌ಕಾಪ್ಟರ್, ನೆಲದ ಮೇಲೆ ತೇಲೋ ಹೋವರ್‌ಕ್ರಾಫ್ಟ್, ಫ್ಯಾನ್ ಕಟ್ಟಿಕೊಂಡು ಗೋಡೆ ಹತ್ತೋ ರೋಬೋಟ್, ನೀರಿನಲ್ಲಿ ಓಡೋ ದೋಣಿ. ಚಕ್ರದ ಜಾಗಕ್ಕೆ ರೆಕ್ಕೆ ಬಂದಿದೆ.

ಇದು ನಮ್ಮ ಕಡೆಯ ಕಥೆ ಮಾತ್ರ ಅಲ್ಲ. 2009ರಲ್ಲಿ ಅಮೆರಿಕದ ‘ಫಸ್ಟ್’ ಸಂಸ್ಥೆ ಶಾಲಾ ಮಕ್ಕಳ ಸ್ಪರ್ಧೆಗೆ ಚಂದ್ರನ ಮೇಲಿನ ಓಡಾಟ ಅನ್ನೋ ಕಲ್ಪನೆಯಲ್ಲಿ ಚಕ್ರ ಜಾರುವ ನುಣುಪು ನೆಲ ಕೊಟ್ಟಿತ್ತು. ಕೆಲವು ತಂಡಗಳು ಥಟ್ಟಂತ ರೋಬೋಟ್ ಬೆನ್ನಿಗೆ ಫ್ಯಾನ್ ಕಟ್ಟಿದವು. 2016ರ ಬ್ಯಾಂಕಾಕ್ ಎಬಿಯು ರೋಬೋಕಾನ್‌ನಲ್ಲಿ ಸವಾಲೇ ಹಾಗಿತ್ತು: ಓಡೋ ಮೋಟರ್ ಇಲ್ಲದ ಒಂದು ರೋಬೋಟನ್ನ ಇನ್ನೊಂದು ರೋಬೋಟ್ ಮುಟ್ಟದೆ ಮುಂದೆ ದೂಡಬೇಕು. ಎಷ್ಟೋ ತಂಡಗಳು ಗಾಳಿ ಬೀಸಿಯೇ ದೂಡಿದವು. ಹುಡುಗರ ತಲೆ ಓಡೋದೇ ಹಾಗೆ. ಅದನ್ನ ನಿಲ್ಲಿಸಬೇಕು ಅಂತ ನಾನು ಹೇಳ್ತಿಲ್ಲ.

ಕಳೆದ ಬಾರಿ ಹೋಗಿದ್ದ ಒಂದು ಕಾಲೇಜಿನ ವಿಷಯ ಹೇಳ್ತೀನಿ. ಹೆಸರು ಬೇಡ. ಸ್ಪರ್ಧೆ ಶುರುವಾಗೋಕೆ ಅರ್ಧ ಗಂಟೆ ಇತ್ತು. ಒಂದು ತಂಡದ ಹುಡುಗ ಕ್ವಾಡ್‌ಕಾಪ್ಟರನ್ನ ಎಡಗೈಯಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿದಿದ್ದ. ಗೆಳತಿ ಲ್ಯಾಪ್‌ಟಾಪಿನಲ್ಲಿ ಕೋಡ್ ಬದಲಿಸ್ತಿದ್ದಳು. ಯಾವ ಮೋಟರ್ ಯಾವ ಕಡೆ ತಿರುಗುತ್ತೆ ಅಂತ ನೋಡೋದಷ್ಟೇ ಉದ್ದೇಶ. ಪ್ರೊಪೆಲ್ಲರ್ ನಾಲ್ಕೂ ಹಾಕಿಯೇ ಇದ್ದವು. ಮೋಟರ್ ತಿರುಗಿತು. ಅವಳು ನಿಲ್ಲಿಸೋ ಕೀ ಒತ್ತಿದಳು, ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಹುಡುಗ ಗಾಬರಿಯಾಗಿ ಬ್ಯಾಟರಿ ಕನೆಕ್ಟರ್ ಕೀಳೋಕೆ ಬಲಗೈ ಹಾಕಿದ. ಕನೆಕ್ಟರ್ ಇದ್ದದ್ದು ಎರಡು ಪ್ರೊಪೆಲ್ಲರ್ ನಡುವೆ, ಹೊಟ್ಟೆಯ ಕೆಳಗೆ.

ಎರಡು ಬೆರಳಿಗೆ ಹೊಲಿಗೆ ಬಿತ್ತು. ಬಲಗೈ. ಮೂರು ವಾರಕ್ಕೆ ಸೆಮಿಸ್ಟರ್ ಪರೀಕ್ಷೆ. ‘ಏನೂ ಆಗಲ್ಲ ಬಿಡ್ರಿ ಸರ, ಸಣ್ಣ ಗಾಯ’ ಅಂತ ಸಂಘಟಕರೊಬ್ಬರು ಅಂದರು. ನೆಲ ಒರೆಸಿದರು, ಮೈಕ್‌ನಲ್ಲಿ ಮುಂದಿನ ತಂಡದ ಹೆಸರು ಕೂಗಿದರು. ಎಲ್ಲೂ ಒಂದು ಸಾಲು ಬರೆದಿಡಲಿಲ್ಲ. ನಮ್ಮ ಆಫೀಸಿನಲ್ಲಿ ಸರ್ವರ್ ಹತ್ತು ನಿಮಿಷ ಬಿದ್ದರೆ ಎರಡು ಪುಟದ ವರದಿ ಬರೀತೀವಿ: ಏನಾಯ್ತು, ಯಾಕಾಯ್ತು, ಮತ್ತೆ ಆಗದ ಹಾಗೆ ಏನು ಬದಲಿಸಿದ್ವಿ. ಯಾರದು ತಪ್ಪು ಅಂತ ಅಲ್ಲ, ಯಾಕಾಯ್ತು ಅಂತ. ಬೆರಳು ಕತ್ತರಿಸಿದ್ದಕ್ಕೆ ಅಷ್ಟೂ ಇಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಬೇರೆ ತಂಡದ ಹುಡುಗರನ್ನ ಕೇಳಿದೆ, ಪ್ರೊಪೆಲ್ಲರ್ ಸುತ್ತ ಗಾರ್ಡ್ ಯಾಕೆ ಹಾಕಿಲ್ಲ ಅಂತ.

‘ಹಾಕಿದ್ರ ತೂಕ ಆಕ್ಕೈತಣ್ಣ, ಟೈಮ್ ಬರಂಗಿಲ್ಲ’ ಅಂದ ಒಬ್ಬ.

ಇನ್ನೊಬ್ಬಳು ಇನ್ನೂ ನೇರವಾಗಿ ಹೇಳಿದಳು: ‘ಗಾರ್ಡಿಗೆ ಮಾರ್ಕ್ಸ್ ಇಲ್ಲಲ್ಲಣ್ಣ.’

ನನಗೆ ಅಲ್ಲೇ ಉತ್ತರ ಸಿಕ್ಕಿತು. ಅಂಕಪಟ್ಟಿ ತೆಗೆದು ನೋಡಿದರೆ ವೇಗಕ್ಕೆ ಅಂಕ, ಹೊತ್ತ ಭಾರಕ್ಕೆ ಅಂಕ, ಪ್ರೆಸೆಂಟೇಶನ್‌ಗೆ ಅಂಕ. ಸುರಕ್ಷತೆಗೆ ನಿಯಮ ಪುಸ್ತಕದ ಕೊನೆಯಲ್ಲಿ ಒಂದೇ ಸಾಲು: ಸ್ಪರ್ಧಿಗಳು ಎಚ್ಚರಿಕೆಯಿಂದ ಇರತಕ್ಕದ್ದು. ಹುಡುಗರು ಉಡಾಫೆಯವರು ಅಂತ ಬೈಯೋದು ಸುಲಭ. ಅವರು ಮಾಡ್ತಿರೋದು ಎಂಜಿನಿಯರಿಂಗೇ. ಅಂಕ ತರದ 40 ಗ್ರಾಂ ತೂಕವನ್ನ ಕಿತ್ತು ಹಾಕಿದ್ದಾರೆ. ಕೀಳೋ ಹಾಗೆ ಬರೆದದ್ದು ನಮ್ಮ ನಿಯಮ.

ಈ ‘ಎಚ್ಚರಿಕೆಯಿಂದ ಇರತಕ್ಕದ್ದು’ ಅನ್ನೋ ಮಾತು ನಮ್ಮ ಸೀಮೆಗೆ ಹೊಸದಲ್ಲ. ಸಜ್ಜೆ, ಜೋಳ, ಸೂರ್ಯಕಾಂತಿ ರಾಶಿ ಮಾಡೋ ಮಷಿನ್ ಬಂದ ಕಾಲದಿಂದ ಕೇಳ್ತಿದ್ದೀವಿ. ಒಂದೊಂದು ಊರಿಗೂ ಕೈಬೆರಳು ಕಳಕೊಂಡ ಒಬ್ಬ ಹಿರಿಯರು ಸಿಗ್ತಾರೆ. ನಮ್ಮ ತಾಯಿಯ ಕಡೆಯ ಸಂಬಂಧಿಕರೊಬ್ಬರ ಎಡಗೈಯಲ್ಲಿ ಎರಡೂವರೆ ಬೆರಳಿವೆ. ಚಿಕ್ಕವನಿದ್ದಾಗ ಕೇಳಿದ್ದೆ, ‘ಕಾಕಾ, ಹುಷಾರಾಗಿ ಇರಬೇಕಿತ್ತಲ್ಲ?’ ಅಂತ. ಅವರು ಸಿಟ್ಟಾಗಲಿಲ್ಲ. ‘ಹುಷಾರಾಗೇ ಇದ್ದೆನಪ. ಮುಂಜಾನಿ ಏಳರಿಂದ ಹುಷಾರಾಗೇ ಇದ್ದೆ. ಸಂಜಿ ಐದಕ್ಕ ಒಂದ ಸಲ ಇರಲಿಲ್ಲ’ ಅಂದರು.

ಈ ಸಮಸ್ಯೆಯನ್ನ ದೇಶ ಗಂಭೀರವಾಗಿ ತಗೊಂಡು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿದ್ದು 1983ರಲ್ಲಿ. ರಾಶಿ ಮಷಿನ್ನೇ ಅದರ ಮುಖ್ಯ ಗುರಿ. ಭಾರತೀಯ ಮಾನಕ ಬ್ಯೂರೋದ ಮಾನದಂಡ ಇನ್ನೂ ಚೆನ್ನಾಗಿದೆ. ತೆನೆ ಹಾಕೋ ಬಾಯಿಗೆ ಕನಿಷ್ಠ 90 ಸೆಂ.ಮೀ. ಉದ್ದದ ಜಾರು ತೊಟ್ಟಿ ಇರಬೇಕು, ಅದರಲ್ಲಿ 45 ಸೆಂ.ಮೀ. ಮೇಲಿನಿಂದ ಮುಚ್ಚಿರಬೇಕು. ಯಾಕೆ ಆ ಅಳತೆ? ಕೈ ಪೂರ್ತಿ ಚಾಚಿದರೂ ಒಳಗೆ ತಿರುಗೋ ಹಲ್ಲಿಗೆ ತಲುಪಬಾರದು, ಅದಕ್ಕೆ. ಹುಷಾರಿರಲಿ ಇಲ್ಲದಿರಲಿ, ನಿದ್ದೆಗೆಟ್ಟಿರಲಿ, ಗಮನ ಬೇರೆಲ್ಲೋ ಇರಲಿ, ಕೈ ತಲುಪಲ್ಲ. ಹಳ್ಳಿಯಲ್ಲಿ ಎಲ್ಲ ಮಷಿನ್ನಿಗೂ ಆ ತೊಟ್ಟಿ ಇದೆಯಾ ಅಂದರೆ, ನೀವೇ ಒಂದು ಸಲ ಹೊಲಕ್ಕೆ ಹೋಗಿ ನೋಡಿ. ಆದರೆ ವಿಚಾರ ಮಾತ್ರ ಸರಿಯಾಗಿದೆ.

ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಇದೇ ವಿಚಾರವನ್ನ ಚೆನ್ನಾಗಿ ಹಿಡಿದವರು ನನಗೆ ಕಂಡಂತೆ ‘ಮೇಟ್’ ಅನ್ನೋ ನೀರೊಳಗಿನ ರೋಬೋಟ್ ಸ್ಪರ್ಧೆಯವರು. ಅವರ ನಿಯಮದಲ್ಲಿ ‘ಜಾಗ್ರತೆ’ ಅನ್ನೋ ಉಪದೇಶ ಅಲ್ಲ, ಒಂದು ಅಳತೆ ಇದೆ. ಪ್ರತಿ ಪ್ರೊಪೆಲ್ಲರ್‌ಗೂ ಹಿಂದೆ ಮುಂದೆ ಜಾಲರಿ ಇರಬೇಕು, 12.5 ಮಿ.ಮೀ. ದಪ್ಪದ ವಸ್ತು ಅದರೊಳಗೆ ತೂರಬಾರದು. ಅಂದರೆ ಬೆರಳು ಹೋಗಬಾರದು. ಹೋದರೆ ರೋಬೋಟ್ ನೀರಿಗೆ ಇಳಿಯೋ ಹಾಗೇ ಇಲ್ಲ. ವಾದ ಇಲ್ಲ, ಶಿಫಾರಸು ಇಲ್ಲ. ಅಮೆರಿಕದ ಎಸ್ಎಇ ಏರೋ ಡಿಸೈನ್ ಸ್ಪರ್ಧೆಯಲ್ಲಿ ಲೋಹದ ಪ್ರೊಪೆಲ್ಲರ್ ನಿಷಿದ್ಧ. ಜೊತೆಗೆ ವಿದ್ಯುತ್ ವಿಮಾನಕ್ಕೆ ಕೆಂಪು ಬಣ್ಣದ ಒಂದು ಪ್ಲಗ್ ಇರಲೇಬೇಕು. ಅದನ್ನ ಕಿತ್ತರೆ ಮೋಟರಿಗೆ ಕರೆಂಟ್ ಇಲ್ಲ. ಪ್ಲಗ್ ಇರಬೇಕಾದ್ದು ಪ್ರೊಪೆಲ್ಲರ್‌ನಿಂದ ದೂರ, ವಿಮಾನದ ಮೈಮೇಲೆ. ಆ ಹುಡುಗನ ಕ್ವಾಡ್‌ಕಾಪ್ಟರಿಗೆ ಇಂಥದ್ದೊಂದು ಪ್ಲಗ್ ಒಂದು ಗೇಣು ವೈರಿನ ತುದಿಯಲ್ಲಿ ಹೊರಗೆ ನೇತಾಡ್ತಿದ್ದರೆ ಸಾಕಿತ್ತು.

ಹಾಗಾದರೆ ಅವಳು ಕೀ ಒತ್ತಿದರೂ ಮೋಟರ್ ಯಾಕೆ ನಿಲ್ಲಲಿಲ್ಲ? ಇದು ನನ್ನ ಕಸುಬಿನ ವಿಷಯ, ಸ್ವಲ್ಪ ತಡೆದು ಹೇಳ್ತೀನಿ.

ಮೋಟರಿನ ವೇಗ ನೋಡಿಕೊಳ್ಳೋದು ಇಎಸ್‌ಸಿ ಅನ್ನೋ ಪುಟ್ಟ ಬೋರ್ಡು. ಮೈಕ್ರೋಕಂಟ್ರೋಲರ್ ಅದಕ್ಕೆ ಸೆಕೆಂಡಿಗೆ 50 ಸಲ ಒಂದು ಮಿಡಿತ ಕಳಿಸುತ್ತೆ. ಮಿಡಿತದ ಉದ್ದ 1000 ಮೈಕ್ರೋಸೆಕೆಂಡ್ ಇದ್ದರೆ ‘ನಿಲ್ಲು’, 2000 ಇದ್ದರೆ ‘ಪೂರ್ತಿ ವೇಗ’. ಮಿಡಿತ ಬರೋದೇ ನಿಂತರೆ ಇಎಸ್‌ಸಿ ಮೋಟರ್ ನಿಲ್ಲಿಸುತ್ತೆ. ಹಾಗಾದರೆ ಕೋಡ್ ಹ್ಯಾಂಗ್ ಆದರೆ ಮೋಟರೂ ನಿಲ್ಲಬೇಕಲ್ಲ ಅಂತ ಎಲ್ಲರೂ ಅಂದುಕೊಳ್ತಾರೆ. ನಿಲ್ಲಲ್ಲ. ಯಾಕಂದರೆ ಆ ಮಿಡಿತವನ್ನ ಕಳಿಸೋದು ನೀವು ಬರೆದ ಕೋಡಿನ ಲೂಪ್ ಅಲ್ಲ, ಚಿಪ್ಪಿನೊಳಗಿನ ಟೈಮರ್. ಕೋಡು ಒಂದು ಸಲ ‘1500’ ಅಂತ ಹೇಳಿ, ಆಮೇಲೆ ಉತ್ತರ ಕೊಡದ ಸೆನ್ಸರ್‌ಗಾಗಿ ಕಾಯ್ತಾ ಕೂತರೆ, ಟೈಮರ್ ಪಾಪ ನಿಯತ್ತಿನಿಂದ 1500, 1500, 1500 ಅಂತ ಕಳಿಸ್ತಾನೇ ಇರುತ್ತೆ. ಇಎಸ್‌ಸಿಗೆ ಎಲ್ಲ ಸರಿ ಇದೆ ಅನ್ನಿಸುತ್ತೆ. ಕೀಬೋರ್ಡಿನ ಆಜ್ಞೆ ಓದಬೇಕಾದ ಸಾಲಿಗೆ ಕೋಡ್ ಬಂದೇ ಇರಲ್ಲ. ಆವತ್ತು ಆಮೇಲೆ ಅವಳ ಜೊತೆ ಕೂತು ಕೋಡ್ ನೋಡಿದಾಗ ಸಿಕ್ಕಿದ್ದು ಇದೇ. ಸೆನ್ಸರಿನ ಒಂದು ವೈರ್ ಸಡಿಲಾಗಿತ್ತು. ಸೆಕೆಂಡ್ ಇಯರ್ ಹುಡುಗಿ ಬರೆದ ಕೋಡ್ ಅದು, ನಾವು ಕಂಪನಿಯಲ್ಲಿ ಬರೆಯೋದು ಇದಕ್ಕಿಂತ ಬಹಳ ಮೇಲೇನಲ್ಲ.

ಇದಕ್ಕೆ ಮದ್ದು ಇದೆ. ವಾಚ್‌ಡಾಗ್ ಅಂತ ಚಿಪ್ಪಿನಲ್ಲೇ ಒಬ್ಬ ಕಾವಲುಗಾರ ಇರ್ತಾನೆ. ಕೋಡ್ ಆಗಾಗ ಅವನಿಗೆ ‘ಬದುಕಿದ್ದೀನಿ’ ಅಂತ ಹೇಳ್ತಾ ಇರಬೇಕು, ಹೇಳದಿದ್ದರೆ ಇಡೀ ಚಿಪ್ಪನ್ನ ರೀಸೆಟ್ ಮಾಡ್ತಾನೆ. ಆನ್ ಮಾಡೋಕೆ ಎರಡು ಸಾಲು ಕೋಡ್ ಸಾಕು. ಅವಧಿ ಅರ್ಧ ಸೆಕೆಂಡಿಗೆ ಇಡಿ, ಎಂಟು ಸೆಕೆಂಡಿಗಲ್ಲ. ರೀಸೆಟ್ ಆದ ಮೇಲೆ ಮೋಟರ್ ತಾನಾಗೇ ಮತ್ತೆ ಶುರುವಾಗಬಾರದು, ಮನುಷ್ಯ ಮತ್ತೆ ಒಪ್ಪಿಗೆ ಕೊಡಬೇಕು. ರಿಮೋಟ್ ಬಳಸೋರು ಇನ್ನೊಂದು ನೋಡಿ: ಸಿಗ್ನಲ್ ತಪ್ಪಿದಾಗ ಕೊನೆಯ ಆಜ್ಞೆಯನ್ನೇ ಹಿಡಿದು ಕೂರೋ ರಿಸೀವರ್‌ಗಳಿವೆ. ಅದನ್ನ ‘ನಿಲ್ಲು’ ಅಂತ ಬದಲಿಸೋದು ನಿಮ್ಮ ಕೆಲಸ. ಪರೀಕ್ಷೆ ಸುಲಭ. ಪ್ರೊಪೆಲ್ಲರ್ ಬಿಚ್ಚಿ, ಮೋಟರ್ ಓಡಿಸಿ, ರಿಮೋಟ್ ಆಫ್ ಮಾಡಿ.

ಇಷ್ಟೆಲ್ಲ ಮಾಡಿದ ಮೇಲೂ, ಸಾಫ್ಟ್‌ವೇರ್‌ನವನಾಗಿ ಹೇಳ್ತೀನಿ, ಸಾಫ್ಟ್‌ವೇರನ್ನ ನಂಬಬೇಡಿ. ಕೋಡಿನ ಮೂಲಕ ಬಂದ್ ಆಗೋ ಸ್ವಿಚ್ಚು ಸ್ವಿಚ್ಚೇ ಅಲ್ಲ. ರೋಬೋಕಾನ್‌ನಲ್ಲಿ ಪ್ರತಿ ರೋಬೋಟ್ ಮೇಲೂ ತುರ್ತು ನಿಲುಗಡೆಯ ಕೆಂಪು ಗುಂಡಿ ಕಡ್ಡಾಯ. ಇಂಥ ಗುಂಡಿ ಕರೆಂಟನ್ನೇ ಕಡಿಯೋ ಹಾಗಿರಬೇಕು.

ಗಾಯ ಬೆರಳಿಗೆ ಮಾತ್ರ ಆಗಲ್ಲ ಅನ್ನೋದೂ ಗೊತ್ತಿರಲಿ. 2015ರ ಮೇ ತಿಂಗಳಲ್ಲಿ ಮೆಕ್ಸಿಕೋದ ಟಿಹುವಾನಾದಲ್ಲಿ ಗಾಯಕ ಎನ್ರಿಕೆ ಇಗ್ಲೇಸಿಯಸ್ ಹಾಡ್ತಾ ಹಾಡ್ತಾ ವೇದಿಕೆ ಮೇಲಿನ ಡ್ರೋನನ್ನ ಕೈಯಿಂದ ಹಿಡಿಯೋಕೆ ಹೋಗಿ ಬೆರಳು ಸೀಳಿಕೊಂಡರು, ಶಸ್ತ್ರಚಿಕಿತ್ಸೆ ಆಯ್ತು. ಅದು ಸುದ್ದಿಯಾಯ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪರಿಚಯದವರು ಹಾರಿಸ್ತಿದ್ದ ಡ್ರೋನ್ ಮರಕ್ಕೆ ತಗುಲಿ ತಿರುಗಿ ಬಂದು, ಒಂದೂವರೆ ವರ್ಷದ ಮಗುವಿನ ಒಂದು ಕಣ್ಣೇ ಹೋಯ್ತು. ಸ್ಪರ್ಧೆಯ ಹಾಲ್‌ನಲ್ಲಿ ಕಣ್ಣಿಗೆ ದೊಡ್ಡ ಅಪಾಯ ಒಡೆದ ಚೂರು. ಬಿರುಕು ಬಿಟ್ಟ ಪ್ರೊಪೆಲ್ಲರಿಗೆ ಫೆವಿಕ್ವಿಕ್ ಹಚ್ಚಿ ಮತ್ತೆ ಹಾಕ್ತಾರೆ. ಹೊಸದು ಕೊರಿಯರ್‌ನಲ್ಲಿ ಬರೋಕೆ ನಾಲ್ಕು ದಿನ, ಸ್ಪರ್ಧೆ ನಾಳೆ! ಒಡೆದ ಚೂರು ಹಾರೋದು ರೆಕ್ಕೆ ತಿರುಗೋ ಸಮತಲದಲ್ಲಿ. ಹೋವರ್‌ಕ್ರಾಫ್ಟಿನ ಹಿಂದಿನ ಫ್ಯಾನ್ ನೆಟ್ಟಗೆ ನಿಂತಿರೋದರಿಂದ ಅದರ ಅಕ್ಕಪಕ್ಕ ನಿಂತು ಮೊಬೈಲ್‌ನಲ್ಲಿ ರೀಲ್ಸ್ ಮಾಡೋರು ಸರಿಯಾಗಿ ಆ ಗೆರೆಯಲ್ಲೇ ಇರ್ತಾರೆ. ಕೈಯಲ್ಲಿ ಎತ್ತಿ ಹಿಡಿದ ಕ್ವಾಡ್‌ಕಾಪ್ಟರ್ ಆ ಗೆರೆಯನ್ನ ಎದೆಗೆ, ಕಣ್ಣಿಗೆ ತರುತ್ತೆ. ಇನ್ನು ಗಾಳಿಯನ್ನ ಒಳಗೆ ಎಳೆದುಕೊಳ್ಳೋ ಡಕ್ಟೆಡ್ ಫ್ಯಾನ್‌ಗೆ ಜಡೆ, ದುಪಟ್ಟಾ, ಕುತ್ತಿಗೆಯ ಐಡಿ ಕಾರ್ಡ್ ಟ್ಯಾಗ್ ಎಲ್ಲ ಒಂದೇ. ಕಾಲೇಜಿನಲ್ಲಿ ಐಡಿ ಕಾರ್ಡ್ ಹಾಕದಿದ್ದರೆ ದಂಡ, ಹಾಕಿಕೊಂಡು ಫ್ಯಾನ್ ಮುಂದೆ ಬಗ್ಗಿದರೆ ಯಾರೂ ಕೇಳಲ್ಲ.

ಹೆದರಿಸೋದು ನನ್ನ ಉದ್ದೇಶ ಅಲ್ಲ. ಅಂಗೈಗಿಂತ ಚಿಕ್ಕದಾದ, ರೆಕ್ಕೆಯ ಸುತ್ತ ಬಳೆಯಂಥ ಕವಚ ಇರೋ ಆಟಿಕೆ ಡ್ರೋನನ್ನ ಮನೆಯೊಳಗೆ ಆಡಿಸಿದರೆ ಆಕಾಶ ಕಳಚಿ ಬೀಳಲ್ಲ. ನಮ್ಮ 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ‘ನ್ಯಾನೋ’, ಅದನ್ನ ಹಾರಿಸೋಕೆ ಪೈಲಟ್ ಲೈಸೆನ್ಸ್ ಬೇಡ. ಅಮೆರಿಕದವರು ಅದೇ ವರ್ಷ ಜನರ ತಲೆಯ ಮೇಲೆ ಹಾರಿಸೋಕೆ ಬಿಡುವ ಅತಿ ಹಗುರ ವರ್ಗಕ್ಕೆ ಅಷ್ಟೇ ತೂಕ ಇಟ್ಟು, ಇನ್ನೊಂದು ಷರತ್ತು ಸೇರಿಸಿದರು: ಚರ್ಮ ಸೀಳುವಂಥ ತೆರೆದ ತಿರುಗುವ ಭಾಗ ಇರಬಾರದು. ತೂಕದ ಜೊತೆ ರೆಕ್ಕೆಯನ್ನೂ ನೋಡಿದ್ದು ನನಗೆ ಸರಿ ಅನ್ನಿಸಿತು. ಮತ್ತೆ, ನೆಲದ ಮೇಲೆ ಫ್ಯಾನ್ ಕಟ್ಟಿಕೊಂಡು ಓಡೋ ರೋಬೋಟ್ ವಿಮಾನವೇ ಅಲ್ಲವಲ್ಲ. ಡ್ರೋನ್ ನಿಯಮ ಅದರ ಹತ್ತಿರ ಬರಲ್ಲ. ಅದಕ್ಕೆ ಇರೋದು ಸ್ಪರ್ಧೆಯ ನಿಯಮ ಪುಸ್ತಕ ಒಂದೇ.

ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಇದರ ವಿಚಿತ್ರ ನೋಡಿ. ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್ ಇದೆ. ಅಲ್ಲಿ ತಯಾರಾದ ಆಟಿಕೆ ನಮ್ಮ ಅಂಗಡಿಗೆ ಬರಬೇಕಾದರೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಚೂಪು ಅಂಚು, ಚೂಪು ತುದಿ, ಬಿಚ್ಚಿಬರೋ ಚೂರು ಎಲ್ಲ ಪರೀಕ್ಷೆ ಆಗಬೇಕು. ಕಿನ್ನಾಳದ ಚಿತ್ರಗಾರರ ಗೊಂಬೆಗಳಿಗೆ ಭೌಗೋಳಿಕ ಗುರುತು ಇರೋದರಿಂದ ಆ ಆದೇಶದಿಂದ ವಿನಾಯಿತಿ ಸಿಕ್ಕಿದೆ. ಹಗುರ ಮರದ ತುಂಡುಗಳನ್ನ ಹುಣಸೆಬೀಜದ ಅಂಟಿನಿಂದ ಜೋಡಿಸಿ, ಮೇಲೆ ಕಿಟ್ಟ ಮೆತ್ತಿ ಮಾಡೋ ಆ ಗೊಂಬೆ ಯಾರ ಬೆರಳನ್ನೂ ಕೊಯ್ಯಲ್ಲ, ವಿನಾಯಿತಿ ಕೊಟ್ಟದ್ದು ಒಳ್ಳೆಯದೇ ಆಯ್ತು. ಆದರೆ ಮೂರು ವರ್ಷದ ಮಗುವಿನ ಗಿಲಕಿಗೆ ಇಷ್ಟು ಪರೀಕ್ಷೆ ಇರೋ ಜಿಲ್ಲೆಯಲ್ಲಿ, ನಿಮಿಷಕ್ಕೆ 20 ಸಾವಿರ ಸುತ್ತು ತಿರುಗೋ ಯಂತ್ರವನ್ನ ಇನ್ನೂರು ಜನರ ನಡುವೆ ಶುರು ಮಾಡೋಕೆ ಯಾರ ಸಹಿಯೂ ಬೇಕಿಲ್ಲ.

ಆ ಸ್ಪರ್ಧೆ ಆದ ವಾರಕ್ಕೆ, ಸಂಘಟಕರಲ್ಲೇ ಒಬ್ಬ ಯುವ ಲೆಕ್ಚರರ್ ಫೋನ್ ಮಾಡಿದ್ದರು. ‘ಮುಂದಿನ ವರ್ಷಕ್ಕ ಒಂದ ಪೇಜ್ ರೂಲ್ಸ್ ಬರದ ಕೊಡ್ರಿ ಸರ, ಪ್ರಿನ್ಸಿಪಾಲ್ರಿಗೆ ನಾ ಒಪ್ಪಸ್ತೀನಿ’ ಅಂದರು. ಬರೆದು ಕಳಿಸಿದೆ. ಟೇಬಲ್ ಮೇಲೆ ಕೆಲಸ ಮಾಡುವಾಗ ಪ್ರೊಪೆಲ್ಲರ್ ಇರಬಾರದು, ಇದು ಮೊದಲ ಸಾಲು. ಮೋಟರಿನ ದಿಕ್ಕು ನೋಡೋಕೆ ಪ್ರೊಪೆಲ್ಲರ್ ಬೇಕಿಲ್ಲ, ಶಾಫ್ಟಿಗೆ ಒಂದು ಚೂರು ಟೇಪ್ ಅಂಟಿಸಿದರೆ ಸಾಕು. ಬ್ಯಾಟರಿ ಕಡಿಯೋ ಕೆಂಪು ಪ್ಲಗ್ ಪ್ರೊಪೆಲ್ಲರ್‌ನಿಂದ ದೂರ ಇರಬೇಕು. ಹಾರೋದು, ಓಡೋದು ಎಲ್ಲ ಬಲೆಯ ಒಳಗೆ. ಪ್ರತಿ ಕಾಲೇಜಿನಲ್ಲೂ ಕ್ರಿಕೆಟ್ ಪ್ರಾಕ್ಟೀಸ್ ನೆಟ್ ಇರುತ್ತೆ, ಅದನ್ನೇ ಕಟ್ಟಬಹುದು. ಬಲೆ ಡ್ರೋನನ್ನ ತಡೆಯುತ್ತೆ, ಚೂರನ್ನ ತಡೆಯಲ್ಲ, ಹಾಗಾಗಿ ಹತ್ತಿರ ನಿಲ್ಲೋರಿಗೆ ಕನ್ನಡಕ. ಲ್ಯಾಬಿನಲ್ಲಿ ಕೊಡೋ ಸುರಕ್ಷಾ ಕನ್ನಡಕದ ಬೆಲೆ ಒಂದು ಪಿಜ್ಜಾಗಿಂತ ಕಡಿಮೆ. ಗಾಯ ಆದರೆ ಒಂದು ನೋಟ್‌ಬುಕ್‌ನಲ್ಲಿ ಬರೀಬೇಕು, ಹೆಸರು ಬೇಡ, ಕಾರಣ ಬೇಕು.

ಅಂಕಪಟ್ಟಿಯನ್ನೂ ತಿದ್ದಿದೆ. ಗಾರ್ಡಿನ ತೂಕವನ್ನ ಒಟ್ಟು ತೂಕದಿಂದ ಕಳೆದುಬಿಡಿ ಅಂತ ಬರೆದೆ. ಹಾಗೆ ಮಾಡಿದರೆ ಗಾರ್ಡ್ ಹಾಕಿದವರಿಗೆ ತೂಕದ ಮಿತಿಯಲ್ಲಿ ನಷ್ಟ ಇಲ್ಲ. ಹಾಕದವರಿಗೆ ಕಣಕ್ಕೆ ಪ್ರವೇಶ ಇಲ್ಲ. ‘ಇದಕ್ಕ ಹುಡುಗ್ರು ಗದ್ದಲ ಮಾಡ್ತಾರ್ರಿ’ ಅಂದರು ಲೆಕ್ಚರರ್. ಮಾಡಲಿ. ಗದ್ದಲ ಮಾಡಿ, ಆಮೇಲೆ ಇನ್ನೂ ಹಗುರವಾದ ಗಾರ್ಡ್ ಮಾಡ್ತಾರೆ, ಅದೂ ಎಂಜಿನಿಯರಿಂಗೇ.

ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನಕ್ಕೆ ನನ್ನ ಹಾಗೇ ಊರಿನ ಕಾಲೇಜಿಂದ ಜಡ್ಜ್ ಆಗೋಕೆ ಕರೆ ಬರುತ್ತೆ. ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲ ಇರುತ್ತೆ. ಒಪ್ಪಿಕೊಳ್ಳೋ ಮೊದಲು ನಿಯಮ ಪುಸ್ತಕ ವಾಟ್ಸಾಪ್ ಮಾಡಿ ಅನ್ನಿ, ಪ್ರೊಪೆಲ್ಲರ್ ಬಗ್ಗೆ ಏನಿದೆ ಅಂತ ಹುಡುಕಿ. ಏನೂ ಇಲ್ಲದಿದ್ದರೆ ಆಗಲೇ ಕೇಳಿ, ಸ್ಪರ್ಧೆಯ ದಿನ ಕೇಳಿದರೆ ಯಾರೂ ಬದಲಿಸಲ್ಲ. ಅಳತೆ ಮಾಡೋಕೆ ದುಬಾರಿ ಉಪಕರಣ ಬೇಡ. ಮನೆ ಕಟ್ಟೋಕೆ ಬಳಸೋ 12 ಎಂಎಂ ಕಬ್ಬಿಣದ ಸರಳು ಇರುತ್ತಲ್ಲ, ಹೆಚ್ಚೂ ಕಡಿಮೆ ಬೆರಳಿನ ದಪ್ಪ, ಅದರ ಗೇಣುದ್ದದ ತುಂಡು ಸಾಕು. ಬ್ಯಾಟರಿ ತೆಗೆಸಿ, ಗಾರ್ಡಿನ ಎಲ್ಲ ಕಡೆಯಿಂದ ತೂರಿಸಿ ನೋಡಿ. ರೆಕ್ಕೆಗೆ ತಾಗಿದರೆ ತಂಡವನ್ನ ವಾಪಸ್ ಕಳಿಸಿ, ಸರಿ ಮಾಡಿಕೊಂಡು ಬರೋಕೆ ಒಂದು ಗಂಟೆ ಕೊಡಿ. ಕಿನ್ನಾಳದಲ್ಲಿ ಮನೆ ಕಟ್ಟಿಸ್ತಿದ್ದವರ ಹತ್ತಿರ ಕೇಳಿ ತಂದ ಅಂಥದ್ದೊಂದು ತುಂಡು ಈಗ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇದೆ. ಊರಿಗೆ ಹೋಗೋದು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ, ವಿಮಾನದಲ್ಲಲ್ಲ, ಹಾಗಾಗಿ ಇದುವರೆಗೆ ಯಾರೂ ಅದೇನು ಅಂತ ಕೇಳಿಲ್ಲ.